ಬಿಳಿಕಿವಿ ಕೂತ ಗೋಡೆ

ಸುಣ್ಣ ಅರಳುವ ವಾಸನೆ ಈಗಿನವರಿಗೆ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ, ಎಲ್ಲ ಸಿಮೆಂಟು, ಎಲ್ಲ ಡಬ್ಬದ ಪೇಂಟು. ಹೋದ ತಿಂಗಳು ನಾನು ಕೂತಿದ್ದ ಬಸ್ಸು ಮಾದಿಹಳ್ಳಿಯಲ್ಲಿ ನಿಂತಿತು. ರಸ್ತೆ ಪಕ್ಕದಲ್ಲಿ ಯಾರೋ ಹಳೆಯ ಮನೆಯೊಂದನ್ನು ರಿಪೇರಿ ಮಾಡಿಸುತ್ತಿದ್ದರು. ಗುಂಡಿಯಲ್ಲಿ ಸುಣ್ಣದ ಕಲ್ಲಿಗೆ ನೀರು ಹೊಯ್ದಿದ್ದರು. ಅದು ಕೊತಕೊತ ಕುದಿಯುತ್ತ ಹಬೆ ಎಬ್ಬಿಸುತ್ತಿತ್ತು. ಆ ವಾಸನೆ ಕಿಟಕಿಯಿಂದ ಬಂದು ಮೂಗಿಗೆ ಬಡಿದದ್ದೇ ತಡ, ಪಕ್ಕದಲ್ಲಿದ್ದ ಹೆಂಗಸಿಗೆ "ನಮ್ಮವ್ವ ಒಂದು ಹಂದಿಗೋಸ್ಕರ ಇಡೀ ಕಮಿಟಿ ಬಾಯಿ ಮುಚ್ಚಿಸಿದ್ಳು ಕಣ್ರೀ" ಅಂದುಬಿಟ್ಟೆ. ಆಕೆ ನನ್ನನ್ನು ಒಂದು ಥರ ನೋಡಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು. ನೋಡಲಿ ಬಿಡಿ. ಶುರು ಮಾಡಿದ್ದನ್ನು ಅರ್ಧಕ್ಕೆ ನಿಲ್ಲಿಸುವ ಜಾಯಮಾನ ನನ್ನದಲ್ಲ. ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಅರ್ಥವಾಗದವರಿಗೆ ಮೊದಲಿಂದ ಹೇಳುವುದು ಅಭ್ಯಾಸವಾಗಿಹೋಗಿದೆ.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅರಸೀಕೆರೆ ಅಂದರೆ ಮಳೆಗೆ ಬಾಯಿ ಬಿಡುವ ಊರು. ಮೋಡಗಳು ಬಿಕ್ಕೋಡಿನ ಕಾಫಿ ತೋಟಗಳ ಮೇಲೆ ಸುರಿದು ಮುಗಿಸಿ, ಮಿಕ್ಕಿದ್ದನ್ನು ನಮಗಿಷ್ಟು ಚಿಮುಕಿಸಿ ಹೋಗುತ್ತವೆ. ಆ ವರ್ಷ ಮಾತ್ರ ಆಷಾಢದಲ್ಲಿ ಹಿಡಿದ ಜಡಿಮಳೆ ಶ್ರಾವಣ ಬಂದರೂ ಬಿಡಲಿಲ್ಲ. ಕೊಬ್ಬರಿಗೆ ಬೂಷ್ಟು ಹಿಡಿಯಿತೆಂದು ಮಂಡಿಯವರು ಗೊಣಗುತ್ತಿದ್ದರು, ರಾಗಿ ಬಿತ್ತಿದವರು ಮೀಸೆ ತಿರುವುತ್ತಿದ್ದರು. ನಮ್ಮ ಮನೆಯಲ್ಲಿ ಒಣಗದ ಬಟ್ಟೆಗಳನ್ನು ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಹರವಿದ್ದೆವು. ಸಾರಿನ ವಾಸನೆ ಹೊತ್ತ ಸೀರೆ ಉಟ್ಟುಕೊಂಡೇ ನಾನು ಶಾಲೆಗೆ ಹೋಗುತ್ತಿದ್ದೆ.

ಅಂಥ ಮಳೆಗಾಲದಲ್ಲಿ, ರೈಲ್ವೆ ಹಳಿಯಾಚೆ ನಾವು ಕಟ್ಟಿದ್ದ ಬುದ್ಧ ವಿಹಾರದ ಗೋಡೆಗೆ ಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ವಿಹಾರ ಅಂದರೆ ದೊಡ್ಡದೇನಲ್ಲ, ಒಂದು ಹಾಲ್, ಮುಂದೊಂದು ಜಗಲಿ. ಅಪ್ಪನ ಕಾಲದಲ್ಲಿ ಹಳೆಯ ದೇವರುಗಳನ್ನು ಬಿಟ್ಟು ಬುದ್ಧನ ಕಡೆ ಬಂದ ಕೆಲವು ಮನೆಗಳು ನಾವು. ಮಕ್ಕಳೆಲ್ಲ ಓದಿ ಕೆಲಸಕ್ಕೆ ಸೇರಿದ ಮೇಲೆ ಕಮಿಟಿ ಮಾಡಿಕೊಂಡಿದ್ದೆವು. ಅಧ್ಯಕ್ಷ ನನ್ನ ಅಣ್ಣ ಸಿದ್ದರಾಜು, ಬ್ಯಾಂಕಿನಲ್ಲಿ ಆಫೀಸರ್. ಕಾರ್ಯದರ್ಶಿ ನಾನು. ಹೀಗಾಗಿ ಸಭೆಯ ಜಗಳ ಮನೆಗೂ ಬರುತ್ತಿತ್ತು, ಮನೆಯ ಜಗಳ ಸಭೆಗೂ ಹೋಗುತ್ತಿತ್ತು. ನಮ್ಮಿಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಿದ್ದವರು ತಿಮ್ಮಯ್ಯ ಮೇಷ್ಟ್ರು, ರಿಟೈರಾದ ಕನ್ನಡ ಪಂಡಿತರು. ಬುದ್ಧನ ಕಥೆಗಳೆಲ್ಲ ಅವರಿಗೆ ಬಾಯಿಪಾಠ.

ಯಾವ ಚಿತ್ರ ಬೇಕೆಂದು ಆರಿಸಿದವರೂ ಅವರೇ. ಒಮ್ಮೆ ಭಿಕ್ಕುಗಳು ಒಂದು ಸಣ್ಣ ವಿಷಯಕ್ಕೆ ಜಗಳ ಹತ್ತಿಸಿಕೊಂಡರಂತೆ. ಬುದ್ಧ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. "ನೀವು ಕಿತ್ತಾಡಿಕೊಂಡಿರಿ" ಎಂದು ಅವನು ಒಬ್ಬನೇ ಕಾಡಿಗೆ ಹೋಗಿ ಇಡೀ ಮಳೆಗಾಲ ಅಲ್ಲೇ ಕಳೆದ. ಅಲ್ಲಿ ಆನೆಯೊಂದು ಅವನಿಗೆ ನೀರು ತಂದುಕೊಟ್ಟಿತು, ಕೋತಿ ಜೇನುಹಲ್ಲೆ ತಂದುಕೊಟ್ಟಿತು. ಕೊನೆಗೆ ಊರ ಜನ ಹುಡುಕಿಕೊಂಡು ಬಂದಾಗ ಪ್ರಾಣಿಗಳ ಜೊತೆಯಲ್ಲೇ ಅವರೂ ಕೂತು ಮಾತು ಕೇಳಿದರು. ಮನುಷ್ಯರೂ ಮೃಗಗಳೂ ಒಂದೇ ನೆರಳಿನಲ್ಲಿ, ಒಬ್ಬರಿಗೊಬ್ಬರು ಹೆದರದೆ ಕೂತಿರುವ ಚಿತ್ರ. ಎಲ್ಲರೂ ಒಪ್ಪಿದೆವು. ಜಗಳದ ಕಥೆಯನ್ನೇ ಆರಿಸಿಕೊಂಡು ನಾವು ಜಗಳ ಶುರು ಮಾಡಿದೆವಲ್ಲ ಎಂದು ಆಮೇಲೆ ನಗು ಬಂತು.

ಚಿತ್ರ ಬರೆಯಲು ಬಂದವರು ಹಳೇಬೀಡು ಕಡೆಯ ಚಂದ್ರಾಚಾರ್. ದೇವಸ್ಥಾನಗಳ ಗೋಪುರಕ್ಕೆ ಬಣ್ಣ ಹಚ್ಚುವುದು ಅವರ ಕಸುಬು. ಅಜ್ಜನಿಂದ ಕಲಿತ ಇನ್ನೊಂದು ವಿದ್ಯೆಯೂ ಅವರ ಹತ್ತಿರ ಇತ್ತು, ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವುದು. ಬಂದವರೇ ಗೋಡೆ ತಟ್ಟಿ ನೋಡಿ ಹೇಳಿದರು: "ಡಿಸ್ಟೆಂಪರ್ ಗಿಸ್ಟೆಂಪರ್ ಎಲ್ಲ ನಾಕು ಮಳೆಗೆ ಉದುರೋಯ್ತದೆ. ಗಾರೆ ಹಸಿ ಇರೋವಾಗ್ಲೇ ಬಣ್ಣ ಕುಡೀಬೇಕು. ಹಂಗೆ ಕುಡದ್ರೆ ನಿಮ್ಮ ಮೊಮ್ಮಕ್ಕಳು ಉಜ್ಜಿದ್ರೂ ಹೋಗಲ್ಲ. ಒಣಗಿದ ಮೇಲೆ ಬರದ್ರೆ ಮುಖಕ್ಕೆ ಪೌಡರ್ ಮೆತ್ತಿದಂಗೆ, ಅಷ್ಟೇಯ."

ಅದರಂತೆ ಪ್ರತಿ ಬೆಳಗ್ಗೆ ಅವತ್ತು ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಿದ್ದರು. ಸಂಜೆಯೊಳಗೆ ಆ ತುಂಡು ಮುಗಿಯಲೇಬೇಕು. ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಮಸಿ, ಇಷ್ಟರಲ್ಲೇ ಮರ, ಬುದ್ಧ, ಬುದ್ಧನ ಕಾಷಾಯ ಎಲ್ಲವೂ ಒಂದೊಂದಾಗಿ ಎದ್ದು ಬಂದವು. ಶಾಲೆ ಬಿಟ್ಟವಳೇ ನಾನು ಛತ್ರಿ ಹಿಡಿದು ಅಲ್ಲಿಗೆ ಓಡುತ್ತಿದ್ದೆ. ಸುಣ್ಣದ ವಾಸನೆ, ಮಳೆಯ ವಾಸನೆ, ಚಂದ್ರಾಚಾರರ ಬೀಡಿಯ ವಾಸನೆ ಮೂರೂ ಸೇರಿ ಆ ಹಾಲ್ ಒಂದು ಬೇರೆಯೇ ಲೋಕವಾಗಿತ್ತು. ಆಹಾ, ಅಷ್ಟು ಖುಷಿಯಾಗಿ ನಾನು ಯಾವ ಮಳೆಗಾಲದಲ್ಲೂ ಇರಲಿಲ್ಲ.

ಆನೆ ಬರೆದ ಮಾರನೆಯ ದಿನ ಮೊದಲ ರಂಪ. ಬೆಳಗ್ಗೆ ಬಾಗಿಲು ತೆಗೆದ ತಿಮ್ಮಯ್ಯ ಮೇಷ್ಟ್ರು "ಅಯ್ಯಯ್ಯೋ, ಕೆಟ್ಟೆವಲ್ಲಪ್ಪಾ!" ಎಂದು ಕೂಗಿಕೊಂಡದ್ದು ಎರಡು ಬೀದಿಗೆ ಕೇಳಿಸಿತು. ಹೋಗಿ ನೋಡಿದರೆ ಆನೆ ಲಕ್ಷಣವಾಗಿ ನಿಂತಿದೆ, ಸೊಂಡಿಲಲ್ಲಿ ನೀರಿನ ಮಡಕೆ ಇದೆ, ಹಣೆಯ ಮೇಲೆ ದಪ್ಪನೆಯ ಮೂರು ನಾಮ! ಚಂದ್ರಾಚಾರ್ ಅದಕ್ಕೆ ಮೊದಲು ಮಾಲೇಕಲ್ಲಿನ ವೆಂಕಟರಮಣನ ಬೆಟ್ಟಕ್ಕೆ ಹೋಗುವ ದಾರಿಯ ಮಂಟಪವೊಂದಕ್ಕೆ ಸಾಲಾಗಿ ಆನೆ ಬರೆದು ಬಂದಿದ್ದರು. ಕೈ ತನ್ನ ಪಾಡಿಗೆ ತಾನು ಎಳೆದುಬಿಟ್ಟಿತ್ತು.

"ವೆಂಕಟರಮಣನ ಆನೆ ತಂದು ಬುದ್ಧನ ಪಕ್ಕ ನಿಲ್ಲಿಸಿದ್ದೀರಲ್ರೀ!" ಎಂದು ಮೇಷ್ಟ್ರು ಕುಣಿದಾಡಿದರು.

"ನಾನು ಹುಟ್ಟಿದಾಗಿಂದ ನಾಮ ಇಲ್ದಿರೋ ಆನೆ ಬರೆದವನಲ್ಲ ಮೇಷ್ಟ್ರೇ" ಎಂದು ಚಂದ್ರಾಚಾರ್ ತಣ್ಣಗೆ ಬೀಡಿ ಹಚ್ಚಿದರು. ಒರೆಸೋಣವೆಂದರೆ ಬಣ್ಣ ಆಗಲೇ ಗಾರೆಯೊಳಗೆ ಇಳಿದಿತ್ತು. ಉಳಿ ತಗೊಂಡು ಹಣೆಯಷ್ಟನ್ನೇ ಕೆತ್ತಿ, ಹೊಸ ಗಾರೆ ಮೆತ್ತಿ ಮತ್ತೆ ಬರೆದರು. ಇವತ್ತಿಗೂ ಹತ್ತಿರದಿಂದ ನೋಡಿದರೆ ಆನೆಯ ಹಣೆಯಲ್ಲಿ ಆ ತೇಪೆಯ ಗೆರೆ ಕಾಣುತ್ತದೆ.

ಕೆತ್ತಿ ಮುಗಿಸಿದ ಮೇಲೆ ಚಂದ್ರಾಚಾರರಿಗೂ ಹಟ ಬಂತು. "ಭಾನುವಾರ ಎಲ್ಲಾ ಹಳೇಬೀಡಿಗೆ ಬನ್ನಿ. ಉಳಿದ ಪ್ರಾಣಿಗಳೆಲ್ಲ ಹೆಂಗಿರ್ಬೇಕು ಅಂತ ಕಲ್ಲಲ್ಲೇ ತೋರುಸ್ತೀನಿ. ಆಮೇಲೆ ಯಾರೂ ತಕರಾರು ತೆಗೀಬಾರ್ದು" ಅಂದರು. ಅಣ್ಣ, ಮೇಷ್ಟ್ರು, ನಾನು ಹೊರಟೆವು. ಬಸ್ಸು ಅಂದರೆ ಸಾಕು ನಮ್ಮವ್ವ ಕೆಂಪಮ್ಮನಿಗೆ ಪ್ರಾಣ. ಸೀರೆ ಸೆರಗು ಸರಿಮಾಡಿಕೊಳ್ಳುತ್ತ ಅವಳೂ ಹತ್ತಿದಳು.

ಹಳೇಬೀಡಿನಲ್ಲಿ ಸೋನೆ ಮಳೆ. ಅವ್ವ ಗುಡಿಯ ಒಳಗೆ ಬರಲಿಲ್ಲ. "ಒಳಗಿರೋನ ಸಾವಾಸ ನಂಗ್ಯಾಕೆ, ಆಚೆ ಗೋಡೆ ನೋಡ್ತೀನಿ" ಅಂದು ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ಸುತ್ತು ಹಾಕತೊಡಗಿದಳು. ಕೆಳಗಿನ ಸಾಲಿನ ಆನೆಗಳನ್ನು ತೋರಿಸಿ ಚಂದ್ರಾಚಾರ್ "ನೋಡಿ ಮೇಷ್ಟ್ರೇ, ಒಂದಕ್ಕೂ ನಾಮ ಇಲ್ಲ, ಸಮಾಧಾನ ಆಯ್ತಾ?" ಎಂದು ಕೆಣಕುತ್ತಿದ್ದರು. ಆ ಹೊತ್ತಿಗೆ ಗೈಡ್ ಒಬ್ಬ ಪ್ರವಾಸಕ್ಕೆ ಬಂದವರ ಗುಂಪನ್ನು ನಿಲ್ಲಿಸಿಕೊಂಡು, ಮೇಲಿನ ಸಾಲಿನಲ್ಲಿದ್ದ ಮಕರವನ್ನು ತೋರಿಸುತ್ತ ಗಿಳಿಪಾಠ ಒಪ್ಪಿಸುತ್ತಿದ್ದ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಕೋತಿಯ ಕಣ್ಣು, ಹಸುವಿನ ಕಿವಿ, ಹಂದಿಯ ಮೈ, ನವಿಲಿನ ಬಾಲ.

"ಯಾವ ಮೈ ಅಂದ್ಯಪ್ಪಾ?" ಅವ್ವ ಗುಂಪನ್ನು ಸರಿಸಿಕೊಂಡು ಮುಂದೆ ಹೋದಳು.

"ಹಂದಿ ಮೈ ಅಜ್ಜಿ."

"ದೇವಸ್ಥಾನದ ಗೋಡೇಲಿ?"

"ಸುತ್ತೂ ಐತೆ ಅಜ್ಜಿ, ಎಣಿಸ್ಕಂಡ್ ಬಾ ಹೋಗು."

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ನಮ್ಮವ್ವ ಸುಮ್ಮನಿದ್ದಾಳೆಂದರೆ ಏನೋ ಕಾದಿದೆ ಎಂದು ಆಗಲೇ ನನಗೆ ಅನ್ನಿಸಿತ್ತು.

ಆಮೇಲಿನ ದಿನಗಳಲ್ಲಿ ಕೋತಿ ಬಂತು, ಜಿಂಕೆ ಬಂತು, ನವಿಲು ಬಂತು, ಕೈಮುಗಿದು ಕೂತ ಊರ ಜನ ಬಂದರು. ಬಲಗಡೆ ಕೆಳಮೂಲೆಯ ಒಂದು ತುಂಡು ಮಾತ್ರ ಉಳಿಯಿತು, ಆನೆಯ ಕಾಲ ಬುಡ. ಅಲ್ಲಿ ಎರಡು ಮೊಲ ಬರೆಯುವುದೆಂದು ಮಾತಾಗಿತ್ತು. ಅವತ್ತು ಶಾಲೆಗೆ ರಜೆ. ಚಂದ್ರಾಚಾರ್ ಗಾರೆ ಬಳಿದು ನಯ ಮಾಡಿ ಕುಂಚ ಅದ್ದುವಷ್ಟರಲ್ಲಿ ಅವ್ವ ಗೋಣಿಕೊಪ್ಪೆ ಹೊದ್ದು ಬಂದು ನಿಂತಳು.

"ಅಲ್ಲಿ ನಮ್ಮ ಬಿಳಿಕಿವಿ ಬರೀಪ್ಪ."

ಬಿಳಿಕಿವಿ ಯಾರೆಂದು ಹೇಳಬೇಕು. ಅಪ್ಪ ತೀರಿಕೊಂಡಾಗ ನಾವಿಬ್ಬರೂ ಚಿಕ್ಕವರು. ಅವ್ವ ಹಿತ್ತಿಲಲ್ಲಿ ಹಂದಿ ಸಾಕಿ ನಮ್ಮನ್ನು ಓದಿಸಿದಳು. ಎಲ್ಲಕ್ಕೂ ತಾಯಿ ಬಿಳಿಕಿವಿ, ಒಂದು ಕಿವಿ ಬೆಳ್ಳಗಿದ್ದ ಹೆಣ್ಣು ಹಂದಿ. ಅದರ ಮರಿ ಮಾರಿದಾಗ ನಮಗೆ ಪುಸ್ತಕ ಬರುತ್ತಿತ್ತು, ಯೂನಿಫಾರ್ಮ್ ಬರುತ್ತಿತ್ತು. ನನಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಅಣ್ಣನ ಕಥೆ ಬೇರೆ. ಶಾಲೆಯಲ್ಲಿ ಅವನನ್ನು ಯಾರೂ ಸಿದ್ದರಾಜು ಅಂದವರಲ್ಲ, ಹಂದಿ ಸಿದ್ದ ಅನ್ನುತ್ತಿದ್ದರು. ಕಾಲೇಜಿಗೆ ಹೋದರೂ ಆ ಹೆಸರು ಬೆನ್ನು ಬಿಡಲಿಲ್ಲ. ಬ್ಯಾಂಕಿಗೆ ಸೇರಿದ ವಾರದಲ್ಲೇ ಅವನು ಮಾಡಿದ ಮೊದಲ ಕೆಲಸ ಹಿತ್ತಿಲಿನ ಗೂಡು ಕೆಡವಿಸಿ ಅಲ್ಲಿ ಗುಲಾಬಿ ಗಿಡ ನೆಡಿಸಿದ್ದು.

ಸುದ್ದಿ ಕೇಳಿ ಅಣ್ಣ ಊಟದ ಹೊತ್ತಿಗೆ ಬ್ಯಾಂಕಿನಿಂದ ಓಡಿ ಬಂದ. ಹಿಂದೆಯೇ ತಿಮ್ಮಯ್ಯ ಮೇಷ್ಟ್ರು.

"ಮೊನ್ನೆ ನಾಮ, ಇವತ್ತು ಹಂದಿ! ನೋಡಿದೋರು ವರಾಹಾವತಾರ ಅಂದ್ಕೊಂಡು ಕುಂಕುಮ ಹಚ್ಚಿ ಕಾಯಿ ಒಡೀತಾರೆ" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

"ವರಾಹನಿಗೆ ನಾಲ್ಕು ಕೈ ಇರ್ತವೆ ಮೇಷ್ಟ್ರೇ, ನಮ್ಮ ಬಿಳಿಕಿವಿಗೆ ಇದ್ದದ್ದು ಬರೀ ನಾಲ್ಕು ಕಾಲು. ಕಣ್ಣಿದ್ದೋರಿಗೆ ಗೊತ್ತಾಗುತ್ತೆ" ಅಂದೆ ನಾನು.

ಅಣ್ಣ ದನಿ ತಗ್ಗಿಸಿ ಹೇಳಿದ: "ಅವ್ವ, ಉದ್ಘಾಟನೆಗೆ ನಮ್ಮ ಬ್ಯಾಂಕಿನವರೆಲ್ಲ ಬರ್ತಾರೆ. ಆನೆ ಇದೆ, ಜಿಂಕೆ ಇದೆ, ನವಿಲಿದೆ. ಸಾಲ್ದಾ?"

"ಜಿಂಕೆ ಏನ್ಲಾ ನಿನ್ನ ಓದ್ಸಿದ್ದು?"

ಚಂದ್ರಾಚಾರ್ ಫಕ್ಕನೆ ನಕ್ಕು ಗೋಡೆ ಕಡೆ ತಿರುಗಿಕೊಂಡರು. ಅಣ್ಣನ ಮುಖ ಕೆಂಪಾಯಿತು. ಇಂಥ ಅವಕಾಶವನ್ನು ನಾನು ಬಿಡುತ್ತೇನೆಯೇ? ಎದ್ದು ನಿಂತು ಭಾಷಣ ಶುರು ಮಾಡಿದೆ. ದುಡಿದವರಿಗೆ ಗೌರವ ಕೊಡಬೇಕು, ಅವ್ವನ ಬೆವರು ಈ ಗೋಡೆಯ ಮೇಲೆ ಕಾಣಬೇಕು, ಬಂದ ದಾರಿ ಮುಚ್ಚಿಟ್ಟರೆ ನಾವು ಎಂಥ ಬೌದ್ಧರು, ಹೀಗೆ. ಚೆನ್ನಾಗಿಯೇ ಮಾತಾಡಿದೆ. ಅವ್ವ ಆ ಖಾಲಿ ಮೂಲೆಯನ್ನೇ ನೋಡುತ್ತಿದ್ದಳು.

ಚಂದ್ರಾಚಾರ್ ಗಾರೆಗೆ ಹೆಬ್ಬೆರಳು ಒತ್ತಿ ನೋಡಿದರು. "ಸ್ವಾಮೀ, ಜಡಿ ಮಳೆ ಇರೋದಕ್ಕೆ ಇಷ್ಟು ಹೊತ್ತು ತಡೀತು. ಇನ್ನು ಒಣಗಿ ಎಳ್ಕಂಬಿಡ್ತದೆ. ಮೊಲ ಬರೀಲೋ, ಹಂದಿ ಬರೀಲೋ, ಒಂದು ಹೇಳಿ. ಗಾರೆ ನಿಮ್ಮ ಮೀಟಿಂಗ್ ಮುಗೀಲಿ ಅಂತ ಕಾಯಲ್ಲ."

ಆಗ ಅಣ್ಣ ಆಡಬಾರದ ಮಾತು ಆಡಿಬಿಟ್ಟ. ಸಿಟ್ಟಿನಲ್ಲಿ ಆಡಿದ್ದಲ್ಲ, ಬೇರೆ ದಾರಿ ಕಾಣದೆ ಆಡಿದ್ದು. "ಅವ್ವ, ಈ ಚಿತ್ರದಲ್ಲಿರೋ ಪ್ರಾಣಿಗಳು ಯಾರಿಗೂ ಹೆದರಲ್ಲ. ಅದೇ ಚಿತ್ರದ ಅರ್ಥ. ಬಿಳಿಕಿವೀನ ನೀನೇ ತಾನೆ ಕೊಯ್ಯೋರಿಗೆ ಮಾರಿದ್ದು? ಅದು ಯಾವ ನಂಬಿಕೆ ಮೇಲೆ ಇಲ್ಲಿ ಬಂದು ಕೂತ್ಕೊಳ್ಳುತ್ತೆ?"

ಹೊರಗೆ ಜಗಲಿಯ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು.

"ಅದಕ್ಕೇ ಕಣ್ಲಾ" ಅಂದಳು ಅವ್ವ.

ಗೋಣಿಕೊಪ್ಪೆ ತೆಗೆದು ನೆಲಕ್ಕೆ ಹಾಕಿ ಅದರ ಮೇಲೆ ಕೂತಳು. "ಇವಳು ಬಿ.ಎಡ್. ಸೇರೋ ವರ್ಸ. ಬಿಳಿಕಿವಿಗೂ ವಯಸ್ಸಾಗಿತ್ತು, ಮರಿ ನಿಂತೋಗಿತ್ತು. ಮಾರಿದೆ. ತಗಳೋನು ಹಗ್ಗ ಹಾಕಿ ಎಳೆದ್ರೆ ಬರ್ನಿಲ್ಲ, ಕೂಗ್ತು. ಬೀದಿಯೋರೆಲ್ಲ ಆಚೆ ಬಂದ್ರು. ನಾನು ತೌಡಿನ ಬಕೀಟು ಹಿಡ್ಕಂಡು ಮುಂದೆ ಹೊಂಟೆ. ಸುಮ್ಕೆ ನನ್ನ ಹಿಂದೆ ಬಂತು. ದಿನಾ ಬರೋ ಹಂಗೇ ಬಂತು ಕಣ್ಲಾ. ಗಾಡಿ ಹತ್ರ ನಿಲ್ಲಿಸ್ದೆ. ಬಕೀಟಿಗೆ ಮೂತಿ ಇಟ್ಟಾಗ ಕಾಲು ಕಟ್ಟಿದ್ರು. ಅವಾಗ ಅದು ನನ್ನ ನೋಡ್ತು."

ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ನಂಗೆ ಗೌರವ ಗೀರವ ಏನೂ ಬ್ಯಾಡ ಕಣೇ ವಿಮಲ. ನಾನು ಅದಕ್ಕೆ ಕೊಡದೇ ಇರೋ ಜಾಗ ಇಲ್ಲೈತೆ. ಇಲ್ಲಾದ್ರೂ ಅಂಜದಂಗೆ ಕೂತ್ಕಳ್ಳಿ ಅಂತ ಕೇಳ್ದೆ. ಆಗಲ್ಲ ಅಂದ್ರೆ ಮೊಲ ಬರೀರಿ."

ಭಾಷಣಕ್ಕೆಂದು ಎದ್ದು ನಿಂತಿದ್ದ ನಾನು ಅಲ್ಲೇ ನೆಲಕ್ಕೆ ಕೂತೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅಣ್ಣ ಬಾಗಿಲ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ಮಳೆ ನೋಡುತ್ತ ನಿಂತ. ಅಧ್ಯಕ್ಷನ ಬಾಯಿಂದ ಹೂಂ ಬರದೆ ಕೆಲಸ ಮುಂದುವರಿಯುವಂತಿರಲಿಲ್ಲ.

ಚಂದ್ರಾಚಾರ್, ಯಾರ ಒಪ್ಪಿಗೆಯನ್ನೂ ಕೇಳದವರಂತೆ, ಮಸಿಯ ಬಟ್ಟಲಿಗೆ ಕುಂಚ ಅದ್ದಿದರು.

"ಯಾವ ಕಿವಿಯಮ್ಮಾ ಬಿಳಿ ಇದ್ದದ್ದು?"

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಉತ್ತರ ಬಂದದ್ದು ಬಾಗಿಲ ಕಡೆಯಿಂದ.

"ಎಡಗಿವಿ" ಅಂದ ಅಣ್ಣ. ತಿರುಗಲಿಲ್ಲ. "ತುದಿ ಹರಿದಿತ್ತು. ರೈಲ್ವೆ ಬೇಲಿ ತಂತಿಗೆ ಸಿಕ್ಕಿ."

ಆಮೇಲೆ ಬಂದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಚಂದ್ರಾಚಾರರ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಅಷ್ಟು ಕಪ್ಪು ಬೇಡಿ. ಬೂದಿ ಬಣ್ಣ. ಬೆನ್ನ ಮೇಲೆ ಕೂದಲು ಇನ್ನೂ ಒರಟು" ಎಂದು ಹೇಳಿಕೊಡತೊಡಗಿದ. ಬೆಳಗ್ಗೆ ಶಾಲೆಗೆ ಮುಂಚೆ ಅದಕ್ಕೆ ಮೇವು ಹಾಕುತ್ತಿದ್ದವನು ಅವನೇ ಅಲ್ಲವೇ, ಮರೆತಿದ್ದೇನೆಂದು ನಮ್ಮನ್ನೆಲ್ಲ ನಂಬಿಸಿದ್ದ, ಅಷ್ಟೆ. ಮಧ್ಯಾಹ್ನ ಅವನು ಬ್ಯಾಂಕಿಗೆ ವಾಪಸು ಹೋಗಲೇ ಇಲ್ಲ. ಬಿಳಿಕಿವಿ ಆನೆಯ ಕಾಲ ಬುಡದಲ್ಲಿ, ಮುಂಗಾಲ ಮೇಲೆ ಮೂತಿ ಇಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಮೂಡಿತು. ಕಿವಿಗೆ ಚಂದ್ರಾಚಾರ್ ಬಣ್ಣವನ್ನೇ ಹಚ್ಚಲಿಲ್ಲ, ಸುಣ್ಣದ ಬಿಳುಪನ್ನು ಹಾಗೇ ಬಿಟ್ಟರು.

ಇಷ್ಟು ಹೇಳುವ ಹೊತ್ತಿಗೆ ನನ್ನ ಬಸ್ಸಿನ ಜೊತೆಗಾತಿ ಬ್ಯಾಗನ್ನು ಕಾಲ ಬಳಿ ಇಳಿಸಿದ್ದರು. "ಈಗ್ಲೂ ಐತಾ ಅದು?" ಎಂದು ಕೇಳಿದರು. ಇದೆ. ಅವ್ವ ಹೋಗಿ ಬಹಳ ವರ್ಷವಾಯಿತು. ಮಾಳಿಗೆ ಸೋರಿ ಕೋತಿಯ ಜೇನುಹಲ್ಲೆ ಮಸುಕಾಗಿದೆ, ಬುದ್ಧನ ತಲೆಯ ಮೇಲಿನ ಎಲೆಗಳೂ ಅಷ್ಟಿಷ್ಟು ಹೋಗಿವೆ. ಬಿಳಿಕಿವಿಗೆ ಏನೂ ಆಗಿಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಿದೆ. ರಿಟೈರಾದ ಅಣ್ಣ ದಿನಾ ಬೆಳಗ್ಗೆ ಹೋಗಿ ಹಾಲ್ ಗುಡಿಸುತ್ತಾನೆ, ಆ ಮೂಲೆಯಿಂದಲೇ ಶುರು ಮಾಡುತ್ತಾನೆ.

"ಉದ್ಘಾಟನೆ ದಿವ್ಸ ಬ್ಯಾಂಕಿನೋರು ಏನಂದ್ರು?" ಆಕೆ ಬಿಡಲಿಲ್ಲ. ಅದನ್ನೂ ಹೇಳಿದೆ.

ಅವತ್ತು ಮಳೆ ಬಿಟ್ಟು ಹೂಬಿಸಿಲು ಬಂದಿತ್ತು. ಬ್ಯಾಂಕಿನವರೆಲ್ಲ ಬಂದರು, ಬುದ್ಧನನ್ನು ನೋಡಿದರು, ಆನೆಯನ್ನು ಹೊಗಳಿದರು. ಅವರಲ್ಲೊಬ್ಬರು ಬಗ್ಗಿ ಮೂಲೆ ನೋಡಿ, "ಇದೇನ್ರೀ ಸಿದ್ದರಾಜು, ಹಂದಿ?" ಎಂದು ನಕ್ಕರು. ಅಣ್ಣ ಕಾಲರ್ ಸರಿ ಮಾಡಿಕೊಂಡು ನೆಟ್ಟಗೆ ನಿಂತ. "ಹೌದು ಸಾರ್. ನಮ್ಮನೇದು" ಅಂದ.

ಎಲ್ಲರೂ ಹೂವು ತಂದಿದ್ದರು. ಅವ್ವ ತಂದಿದ್ದು ಬೇರೆ. ಹಳೆಯ ಬಕೀಟು, ಅದರ ತಳದಲ್ಲಿ ಒಂದು ಬೊಗಸೆ ತೌಡು. "ನೈವೇದ್ಯ ಆಗೋಯ್ತಲ್ರೀ ಇದು!" ಎಂದು ತಿಮ್ಮಯ್ಯ ಮೇಷ್ಟ್ರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, ಆದರೆ ತಡೆಯಲಿಲ್ಲ, ದಾರಿ ಬಿಡಿ ಎಂದು ಜನರನ್ನು ಸರಿಸಿದವರೂ ಅವರೇ. ಅವ್ವ ಮೂಲೆಗೆ ಹೋಗಿ ಬಕೀಟನ್ನು ಬಿಳಿಕಿವಿಯ ಮೂತಿಯ ಎದುರಿಗಿಟ್ಟಳು. ಗೋಡೆಗೆ ಬೆನ್ನು ಒರಗಿಸಿ ಅದರ ಪಕ್ಕದಲ್ಲೇ ಕೂತು, ಕಾಲು ನೀಡಿದಳು.

"ತಿನ್ನವ್ವ, ನಿಧಾನಕ್ಕೆ ತಿನ್ನು" ಅಂದಳು. "ಇವತ್ತು ಎಲ್ಲಿಗೂ ಹೋಗೋದಿಲ್ಲ."